ಅಧಿವೇಶನದ ಕೊನೆಯ ವಾರ: ಶಾಸಕರ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹನ್ನೆರಡು ವರ್ಷ ಒಬ್ಬ ಶಾಸಕರ ಆಪ್ತ ಸಹಾಯಕನಾಗಿದ್ದೆ. ಸಾಹೇಬರು ಮಾಜಿಯಾದರು, ಅವರೊಂದಿಗೆ ನಾನೂ ಮಾಜಿಯಾದೆ. ಕ್ಷೇತ್ರದ ಜನರ ಬಳಿ ನನ್ನ ಮೊಬೈಲ್ ನಂಬರ್ ಮಾತ್ರ ಇನ್ನೂ ಹಾಲಿಯಾಗಿಯೇ ಉಳಿದಿದೆ. ಬೆಳಗಾವಿ ಅಧಿವೇಶನ ಎರಡನೆಯ ವಾರಕ್ಕೆ ಕಾಲಿಟ್ಟ ಕೂಡಲೇ ಫೋನು ಶುರುವಾಗುತ್ತದೆ: ನಮ್ಮ ರಸ್ತೆಯ ವಿಷಯ ಬಂತೇ, ಆ ವಿಧೇಯಕ ಏನಾಯಿತು, ಸಾಹೇಬರು ಟಿವಿಯಲ್ಲಿ ಯಾಕೆ ಕಾಣಲಿಲ್ಲ. ಹೇಳಿದ್ದನ್ನೇ ಎಷ್ಟು ಸಲ ಹೇಳುವುದು ಎಂದು ಒಂದು ಕಡೆ ಬರೆದಿಟ್ಟಿದ್ದೇನೆ. ಪಕ್ಷ ಯಾವುದೇ ಇರಲಿ, ಕೊನೆಯ ವಾರದ ಪಾಡು ಎಲ್ಲರದೂ ಒಂದೇ.

ಅಧಿವೇಶನ ಯಾವ ದಿನ ಮುಗಿಯಬೇಕು ಎಂದು ಯಾರು ತೀರ್ಮಾನಿಸುತ್ತಾರೆ?

ಅಧಿವೇಶನ ಕರೆಯುವವರು ರಾಜ್ಯಪಾಲರು, ಸಚಿವ ಸಂಪುಟದ ಸಲಹೆಯಂತೆ. ಯಾವ ದಿನ ಯಾವ ಕಲಾಪ ಎಂಬುದನ್ನು ಸಭಾಧ್ಯಕ್ಷರು ಕಾರ್ಯಕಲಾಪ ಸಲಹಾ ಸಮಿತಿಯಲ್ಲಿ ಎಲ್ಲ ಪಕ್ಷಗಳ ಮುಖಂಡರನ್ನು ಕೂರಿಸಿಕೊಂಡು ಗೊತ್ತುಮಾಡುತ್ತಾರೆ. ಕೊನೆಯ ದಿನ ಸದನವನ್ನು ‘ಅನಿರ್ದಿಷ್ಟ ಕಾಲ’ ಮುಂದೂಡುವವರೂ ಸಭಾಧ್ಯಕ್ಷರೇ. ನೀವು ಟಿವಿಯಲ್ಲಿ ನೋಡುವುದು ಇಷ್ಟನ್ನೇ.

ಆದರೆ ಕಾನೂನಿನ ಕಣ್ಣಿಗೆ ಅಧಿವೇಶನ ಅಲ್ಲಿಗೆ ಮುಗಿದಿರುವುದಿಲ್ಲ. ಆಮೇಲೆ ರಾಜ್ಯಪಾಲರು ಅದನ್ನು ಸಮಾಪ್ತಿಗೊಳಿಸಿ ಆದೇಶ ಹೊರಡಿಸಬೇಕು. ಈ ಎರಡರ ನಡುವಿನ ದಿನಗಳಲ್ಲಿ ಸಭಾಧ್ಯಕ್ಷರು ಬೇಕೆಂದರೆ ಸದನವನ್ನು ಮತ್ತೆ ಸೇರಿಸಬಹುದು. ಎರಡೂ ಸದನಗಳ ಅಧಿವೇಶನ ಜಾರಿಯಲ್ಲಿರುವಷ್ಟು ಕಾಲ ಸರ್ಕಾರಕ್ಕೆ ಸುಗ್ರೀವಾಜ್ಞೆ, ಅಂದರೆ ಸದನದ ಒಪ್ಪಿಗೆಗೆ ಕಾಯದೆ ಹೊರಡಿಸುವ ತಾತ್ಕಾಲಿಕ ಕಾನೂನು, ತರಲು ಬರುವುದಿಲ್ಲ. ಹೀಗಾಗಿ ಸಮಾಪ್ತಿಯ ಆದೇಶ ಅವಸರದಲ್ಲಿ ಹೊರಬಿದ್ದರೆ, ಹಿಂದೆಯೇ ಸುಗ್ರೀವಾಜ್ಞೆ ಬರುತ್ತಿದೆಯೇ ಎಂದು ನಮ್ಮಂಥವರು ಕಿವಿ ನಿಮಿರಿಸುತ್ತೇವೆ.

ಒಂದು ಅಧಿವೇಶನದ ಕೊನೆಯ ಬೈಠಕ್ಕಿಗೂ ಮುಂದಿನದರ ಮೊದಲ ಬೈಠಕ್ಕಿಗೂ ನಡುವೆ ಆರು ತಿಂಗಳು ಮೀರಬಾರದು ಎಂದು ಸಂವಿಧಾನದ 174ನೇ ವಿಧಿ ಹೇಳುತ್ತದೆ.

ಕೊನೆಯ ವಾರದಲ್ಲಿ ಶಾಸಕರು ನಿಜವಾಗಿ ಏನು ಮಾಡುತ್ತಿರುತ್ತಾರೆ?

ಹೆಚ್ಚಿನ ಹೊತ್ತು ಸಚಿವರನ್ನು ಹುಡುಕುತ್ತಿರುತ್ತಾರೆ. ಇದು ತಮಾಷೆಯ ಮಾತಲ್ಲ. ಬೆಂಗಳೂರಿನಲ್ಲಿ ಒಬ್ಬ ಸಚಿವರ ಭೇಟಿಗೆ ಮೂರು ದಿನ ಬೇಕು. ಅವರು ದೆಹಲಿಗೆ ಹೋಗಿರುತ್ತಾರೆ, ಇಲ್ಲವೇ ಜಿಲ್ಲಾ ಪ್ರವಾಸದಲ್ಲಿರುತ್ತಾರೆ. ಅಧಿವೇಶನದಲ್ಲಿ ಮೂವತ್ತು ಚಿಲ್ಲರೆ ಸಚಿವರೂ ಅವರ ಇಲಾಖೆಯ ಕಾರ್ಯದರ್ಶಿಗಳೂ ಒಂದೇ ಕಟ್ಟಡದೊಳಗೆ ಸಿಗುತ್ತಾರೆ. ಈ ಅವಕಾಶ ಶುಕ್ರವಾರ ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ ಎಂಬುದು ಎಲ್ಲ ಶಾಸಕರಿಗೂ ಗೊತ್ತು. ಸದನಕ್ಕಿಂತ ಅದರ ಹೊರಗಿನ ಮೊಗಸಾಲೆಯೇ ಗಿಜಿಗುಡುವುದು ಅದಕ್ಕೇ.

ನನ್ನ ಕೈಯಲ್ಲಿ ಆಗ ಒಂದು ನೀಲಿ ಪ್ಲಾಸ್ಟಿಕ್ ಫೋಲ್ಡರ್ ಇರುತ್ತಿತ್ತು. ಇಲಾಖೆವಾರು ಕ್ಲಿಪ್ ಹಾಕಿದ ಪತ್ರಗಳು: ಹಾಸ್ಟೆಲ್ಲಿಗೆ ಸ್ವಂತ ಕಟ್ಟಡ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾಕ್ಟರು, ಸುಟ್ಟುಹೋದ ಟ್ರಾನ್ಸ್‌ಫಾರ್ಮರು, ಕೆರೆ ತುಂಬಿಸುವ ಯೋಜನೆಗೆ ಹಣ. ಒಂದು ಸಲ ಕೊನೆಯ ದಿನ ಸಂಜೆ, ಸಚಿವರೊಬ್ಬರು ಹೊರಟು ನಿಂತಿದ್ದರು, ಕಾರಿನ ಬಾಗಿಲು ತೆರೆದಿತ್ತು. ಸಾಹೇಬರು ಓಡಿ ಹೋಗಿ ಕಾರಿನ ಬಾನೆಟ್ ಮೇಲೆಯೇ ಪತ್ರ ಇಟ್ಟರು. ಸಚಿವರು ಪೆನ್ನು ಹುಡುಕಿದರು, ನಾನು ಕೊಟ್ಟೆ. ‘ಪರಿಶೀಲಿಸಿ ಕಡತ ಮಂಡಿಸಿ’ ಎಂದು ಅಂಚಿನಲ್ಲಿ ಗೀಚಿ ಸಹಿ ಹಾಕಿದರು. ಪೆನ್ನು ಅವರ ಜೇಬಿಗೇ ಹೋಯಿತು. ಆ ಮೂರು ಪದಗಳಿಂದ ಒಂದು ಕಡತ ಹುಟ್ಟಿತು, ಹದಿನಾಲ್ಕು ತಿಂಗಳ ನಂತರ ಹಾಸ್ಟೆಲ್ಲಿಗೆ ಗುದ್ದಲಿ ಪೂಜೆಯಾಯಿತು. ಅಂಥ ಮೂರು ಪದ ಬರೆಸಿಕೊಂಡು ಬಂದು ಏನೂ ಆಗದೆ ಉಳಿದ ಪತ್ರಗಳು ಅದರ ಹತ್ತು ಪಟ್ಟು ಇವೆ, ಅದನ್ನೂ ಹೇಳಬೇಕು.

ನಮ್ಮ ಶಾಸಕರು ಟಿವಿಯಲ್ಲಿ ಕಾಣಲೇ ಇಲ್ಲ. ಸದನಕ್ಕೆ ಹೋಗಿದ್ದರೋ ಇಲ್ಲವೋ?

ಕ್ಯಾಮೆರಾ ಮಾತನಾಡುವವರ ಕಡೆ ತಿರುಗುತ್ತದೆ, ಗಲಾಟೆ ಮಾಡುವವರ ಕಡೆ ಬೇಗ ತಿರುಗುತ್ತದೆ. ಸುಮ್ಮನೆ ಕುಳಿತವರ ಕಡೆ ಬರುವುದೇ ಇಲ್ಲ. 224 ಸದಸ್ಯರ ಸದನದಲ್ಲಿ ಎರಡು ವಾರದಲ್ಲಿ ಎಲ್ಲರಿಗೂ ಮೈಕು ಸಿಗುವುದು ಲೆಕ್ಕದಲ್ಲೇ ಸಾಧ್ಯವಿಲ್ಲ.

ಹಾಗೆಂದು ಖಾಲಿ ಬೆಂಚುಗಳನ್ನು ನಾನು ಸಮರ್ಥಿಸುವುದಿಲ್ಲ. ಸದನ ನಡೆಯಲು ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಅಂದರೆ ವಿಧಾನಸಭೆಯಲ್ಲಿ 23 ಮಂದಿ ಇದ್ದರೆ ಸಾಕು. ಊಟದ ನಂತರ ಅದೂ ಇರದೆ ಕೋರಂ ಬೆಲ್ ಹೊಡೆಯುವುದುಂಟು. ಮಧ್ಯಾಹ್ನ ಮನೆಗೆ ಹೋದವರು ಮರಳಿ ಬರುವುದಿಲ್ಲ ಎಂದು 2025ರ ಬಜೆಟ್ ಅಧಿವೇಶನಕ್ಕೆ ಮುನ್ನ ಸಭಾಧ್ಯಕ್ಷ ಯು.ಟಿ. ಖಾದರ್ ಮೊಗಸಾಲೆಯಲ್ಲಿ ಒರಗು ಕುರ್ಚಿಗಳನ್ನೇ ಹಾಕಿಸಲು ಮುಂದಾದರು. ಜನ ನಕ್ಕರು. ಆದರೆ ರೋಗ ಇದೆ ಎಂದು ಒಪ್ಪಿಕೊಂಡ ಮದ್ದು ಅದು.

ಅನುಮತಿ ಇಲ್ಲದೆ ಅರವತ್ತು ದಿನ ಗೈರಾದರೆ ಸ್ಥಾನ ತೆರವಾಗಿದೆ ಎಂದು ಸದನ ಘೋಷಿಸಬಹುದು. ಆದರೆ ಅಧಿವೇಶನ ಸಮಾಪ್ತಿಯಾಗಿರುವ ಕಾಲವೂ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ಕಾಲವೂ ಈ ಲೆಕ್ಕಕ್ಕೆ ಬರುವುದಿಲ್ಲ. ಬೆಳಗಾವಿಗೆ ಬಾರದೆ ಉಳಿದರೂ ಕುರ್ಚಿಗೆ ಏನೂ ಆಗುವುದಿಲ್ಲ ಎಂದು ಅರ್ಥ.

ನಿಮ್ಮ ಶಾಸಕರನ್ನು ಅಳೆಯಬೇಕಾದರೆ ಟಿವಿ ಬಿಡಿ. ಅವರು ಯಾವ ಪ್ರಶ್ನೆ ಕೇಳಿದ್ದಾರೆ, ಏನು ಉತ್ತರ ಬಂದಿದೆ ಎಂದು ವಿಧಾನಸಭೆಯ ಜಾಲತಾಣದಲ್ಲಿ ನೋಡಿ.

ಉತ್ತರ ಸಿಕ್ಕಿದೆ. ಆದರೆ ಓದಿದರೆ ಏನೂ ತಿಳಿಯುವುದಿಲ್ಲವಲ್ಲ?

ತಿಳಿಯಬಾರದೆಂದೇ ಬರೆದಿರುತ್ತಾರೆ ಎಂದು ನಾನೂ ಮೊದಮೊದಲು ಅಂದುಕೊಂಡಿದ್ದೆ. ಓದುವುದು ರೂಢಿಯಾದ ಮೇಲೆ ಅದರಲ್ಲಿ ಬಹಳ ಇದೆ ಎಂದು ಗೊತ್ತಾಯಿತು.

ಮೊದಲು ಬಗೆಗಳು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಗದ್ದಲದಲ್ಲಿ ಪ್ರಶ್ನೋತ್ತರ ಅವಧಿ ಕೊಚ್ಚಿಹೋದ ದಿನ ಚುಕ್ಕೆ ಗುರುತಿನವಕ್ಕೂ ಲಿಖಿತ ಉತ್ತರವೇ ಗತಿ. ಸಚಿವರನ್ನು ನಿಲ್ಲಿಸಿ ಉಪಪ್ರಶ್ನೆ ಕೇಳುವ ಅವಕಾಶ ಹೋಯಿತಲ್ಲ ಎಂದು ಸಾಹೇಬರು ಎಷ್ಟೋ ಸಲ ಹಲ್ಲು ಕಡಿದಿದ್ದಾರೆ, ಕೆಲವೊಮ್ಮೆ ಸ್ವಂತ ಪಕ್ಷದವರ ಮೇಲೆಯೇ.

ಉತ್ತರದ ಹಾಳೆ ಎರಡು ಕಾಲಂ. ಎಡಗಡೆ ಅ, ಆ, ಇ ಎಂದು ಪ್ರಶ್ನೆ, ಬಲಗಡೆ ಉತ್ತರ. ಉದಾಹರಣೆಗೆ ಹೀಗಿರುತ್ತದೆ ಎಂದುಕೊಳ್ಳಿ:

ಅ) ಗ್ರಾಮದ ಹಳ್ಳಕ್ಕೆ ಸೇತುವೆ ಇಲ್ಲದೆ ಮಳೆಗಾಲದಲ್ಲಿ ಶಾಲಾ ಮಕ್ಕಳಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? — ಬಂದಿದೆ.
ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? — ಅಂದಾಜು ಪಟ್ಟಿ ತಯಾರಿಸಲಾಗಿದ್ದು, ಪ್ರಸ್ತಾವನೆಯು ಪರಿಶೀಲನೆಯಲ್ಲಿರುತ್ತದೆ.
ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು? — ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮವಹಿಸಲಾಗುವುದು.

‘ಬಂದಿದೆ’ ಎಂಬ ಒಂದು ಪದಕ್ಕೆ ಬಹಳ ಬೆಲೆ ಇದೆ. ನಾಳೆ ಹಳ್ಳದಲ್ಲಿ ಅನಾಹುತವಾದರೆ ನಮಗೆ ಗೊತ್ತೇ ಇರಲಿಲ್ಲ ಎಂದು ಯಾವ ಅಧಿಕಾರಿಯೂ ಹೇಳುವಂತಿಲ್ಲ. ‘ಬಂದಿಲ್ಲ’ ಎಂದು ಬಂದರೆ ಆ ಮತ್ತು ಇ ಗಳ ಎದುರು ‘ಉದ್ಭವಿಸುವುದಿಲ್ಲ’ ಎಂದು ಬಿದ್ದು ಇಡೀ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತದೆ. ಆಗ ಊರಿನವರು ಹಿಂದೆ ಕೊಟ್ಟ ಅರ್ಜಿಗಳ ಸ್ವೀಕೃತಿ ಚೀಟಿ ಹಿಡಿದು ಹೋಗಬೇಕು. ‘ಅಂದಾಜು ಪಟ್ಟಿ ತಯಾರಿಸಲಾಗಿದೆ’ ಎಂದಿದ್ದರೆ ಒಬ್ಬ ಎಂಜಿನಿಯರು ಬಂದು ಅಳತೆ ಮಾಡಿದ್ದಾರೆ ಎಂದಾಯಿತು; ಆ ಮೊತ್ತ ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ‘ಅನುದಾನದ ಲಭ್ಯತೆ’ ಎಂದರೆ ಸದ್ಯಕ್ಕೆ ದುಡ್ಡಿಲ್ಲ, ಅಷ್ಟೇ.

ಹಾಳೆಯ ಕೊನೆಯಲ್ಲಿ ಸಚಿವರ ಹೆಸರಿನ ಹತ್ತಿರ ಕಡತದ ಸಂಖ್ಯೆ ಇರುತ್ತದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ. ಇಲಾಖೆಗೆ ಹೋಗಿ ‘ನಮ್ಮೂರ ಸೇತುವೆ’ ಎಂದರೆ ಯಾರೂ ತಲೆ ಎತ್ತುವುದಿಲ್ಲ, ಆ ಸಂಖ್ಯೆ ಹೇಳಿದರೆ ವಿಷಯ ನಿರ್ವಾಹಕರು ಕಡತ ತೆಗೆಯುತ್ತಾರೆ. ನನ್ನ ಹನ್ನೆರಡು ವರ್ಷದ ವಿದ್ಯೆಯಲ್ಲಿ ಅರ್ಧ ಈ ಒಂದು ಸಾಲಿನಲ್ಲಿದೆ.

ಸಚಿವರು ಸದನದಲ್ಲೇ ‘ಮಾಡಿಕೊಡುತ್ತೇನೆ’ ಎಂದರು. ಅದನ್ನು ನಂಬಬಹುದೇ?

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಸದನದಲ್ಲಿ ಆಡಿದ ಮಾತು ನಡವಳಿಯಲ್ಲಿ ದಾಖಲಾಗುತ್ತದೆ, ಹೊರಗೆ ಮೈಕಿನ ಮುಂದೆ ಆಡಿದ್ದು ದಾಖಲಾಗುವುದಿಲ್ಲ. ಸಚಿವರು ಸದನದೊಳಗೆ ಕೊಟ್ಟ ಮಾತುಗಳ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಎಂದೇ ಒಂದಿದೆ. ಯಾವ ಮಾತು ಭರವಸೆ, ಯಾವುದು ಬರೀ ಸಮಾಧಾನ ಎಂದು ಸೋಸಿ, ಈಡೇರದ್ದರ ಬಗ್ಗೆ ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ನಿಧಾನ, ಬಹಳ ನಿಧಾನ. ಆದರೂ ಅಧಿಕಾರಿಗಳು ಈ ಸಮಿತಿಯ ಪತ್ರವನ್ನು ಮೇಜಿನ ಮೇಲಿನ ರಾಶಿಯಲ್ಲಿ ಕೆಳಗೆ ತಳ್ಳುವುದಿಲ್ಲ.

ಅನುಭವಿ ಶಾಸಕರು ಕೊನೆಯ ವಾರ ದೊಡ್ಡ ಭಾಷಣ ಮಾಡುವುದಿಲ್ಲ. ಎದ್ದು ನಿಂತು, ‘ಮಾನ್ಯ ಸಚಿವರು ಮಾರ್ಚ್ ಒಳಗೆ ಮಾಡುತ್ತೇವೆ ಎಂದು ಹೇಳಿದರೆ ನಾನು ಕುಳಿತುಕೊಳ್ಳುತ್ತೇನೆ’ ಎನ್ನುತ್ತಾರೆ. ಸಚಿವರಿಗೂ ಊಟದ ಹೊತ್ತು, ‘ಆಯಿತು, ಮಾಡುತ್ತೇವೆ’ ಎನ್ನುತ್ತಾರೆ. ಬೇಕಾದದ್ದು ಆ ಎರಡು ಪದ. ಸಾಹೇಬರು ಕುಳಿತ ಕೂಡಲೇ ಗ್ಯಾಲರಿಯಲ್ಲಿದ್ದ ನಾನು ಹೊತ್ತು ಎಷ್ಟು ಎಂದು ಬರೆದುಕೊಳ್ಳುತ್ತಿದ್ದೆ, ನಡವಳಿಯ ಪ್ರತಿ ಬಂದಾಗ ಹುಡುಕಲು ಸುಲಭವಾಗಲಿ ಎಂದು.

ನಿಯಮ 60, 69, 73, 351 ಎನ್ನುತ್ತಾರಲ್ಲ, ಏನಿವು?

ವಿಧಾನಸಭೆಯ ಕಾರ್ಯವಿಧಾನದ ನಿಯಮಗಳು. 60 ನಿಲುವಳಿ ಸೂಚನೆ: ಉಳಿದ ಕಲಾಪವನ್ನೆಲ್ಲ ಬದಿಗಿಟ್ಟು ಇದನ್ನೇ ಚರ್ಚಿಸಿ ಎಂಬ ಬೇಡಿಕೆ. ವಿರೋಧ ಪಕ್ಷ 60ರ ಅಡಿ ಕೇಳುತ್ತದೆ, ಸರ್ಕಾರ ಒಪ್ಪುವುದಿಲ್ಲ, ಕೂಗಾಟವಾದ ಮೇಲೆ ಸಭಾಧ್ಯಕ್ಷರು 69ರ ಅಡಿ ಅವಕಾಶ ಕೊಡುತ್ತಾರೆ. 69 ಎಂದರೆ ಸಾರ್ವಜನಿಕ ಮಹತ್ವದ ವಿಷಯದ ಮೇಲೆ ಚರ್ಚೆ, ಉಳಿದ ಕಲಾಪ ನಿಲ್ಲುವುದಿಲ್ಲ. 73 ಗಮನ ಸೆಳೆಯುವ ಸೂಚನೆ. 351 ಬೇರೆ ಯಾವ ನಿಯಮದಲ್ಲೂ ಜಾಗ ಸಿಗದ ವಿಷಯಕ್ಕೆ. ಕೊನೆಯ ವಾರದಲ್ಲಿ ಕ್ಷೇತ್ರದ ಸಣ್ಣಪುಟ್ಟ ಸಂಕಟಗಳೆಲ್ಲ ಈ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಪರಿಷತ್ತಿನಲ್ಲಿ ಸಂಖ್ಯೆಗಳು ಬೇರೆ.

ವಾರವೆಲ್ಲ ಗದ್ದಲ. ಕೊನೆಯ ದಿನ ಒಂದೇ ಗಂಟೆಯಲ್ಲಿ ಅಷ್ಟೊಂದು ವಿಧೇಯಕ ಹೇಗೆ ಅಂಗೀಕಾರವಾಗುತ್ತವೆ?

ಧ್ವನಿಮತದಿಂದ. ಸಚಿವರು ವಿಧೇಯಕವನ್ನು ಪರ್ಯಾಲೋಚಿಸಬೇಕೆಂದು ಪ್ರಸ್ತಾವ ಮಾಡುತ್ತಾರೆ, ಖಂಡಗಳನ್ನು, ಅಂದರೆ ವಿಧೇಯಕದ ಕಲಮುಗಳನ್ನು, ಒಟ್ಟಾಗಿ ಮತಕ್ಕೆ ಹಾಕುತ್ತಾರೆ, ಪರ ಇರುವವರು ಹೌದು ಎನ್ನುತ್ತಾರೆ, ಸಭಾಧ್ಯಕ್ಷರ ಪೀಠದ ಮುಂದಿನ ‘ಬಾವಿ’ಯಲ್ಲಿ ನಿಂತವರು ಘೋಷಣೆ ಕೂಗುತ್ತಿರುತ್ತಾರೆ, ಅವರ ‘ಇಲ್ಲ’ ಯಾರಿಗೂ ಕೇಳುವುದಿಲ್ಲ. ಒಬ್ಬ ಸದಸ್ಯರು ಪಟ್ಟು ಹಿಡಿದು ಮತ ವಿಭಜನೆ, ಅಂದರೆ ತಲೆ ಎಣಿಕೆ, ಕೇಳಬಹುದು. ಆದರೆ ಹಾಗೆ ಕೇಳಲು ತಮ್ಮ ಜಾಗದಲ್ಲಿ ಕುಳಿತಿರಬೇಕು. ಬಾವಿಗಿಳಿದು ಮಾಡುವ ಧರಣಿಗೆ ತೆರಬೇಕಾದ ಬೆಲೆ ಇದೇ, ಇದನ್ನು ನಾನು ಎಲ್ಲ ಪಕ್ಷದವರಿಗೂ ಹೇಳಿದ್ದೇನೆ.

2025ರ ಮಾರ್ಚ್ 21 ನೆನಪಿದೆಯಲ್ಲ. ಬಜೆಟ್ ಅಧಿವೇಶನದ ಕೊನೆಯ ದಿನ. ಹನಿಟ್ರ್ಯಾಪ್ ಆರೋಪದ ತನಿಖೆ, ಗುತ್ತಿಗೆಯಲ್ಲಿ ಮೀಸಲಾತಿ ಎಂದು ಸದನದಲ್ಲಿ ಕೋಲಾಹಲ, ಹರಿದ ಕಾಗದಗಳು ಸಭಾಧ್ಯಕ್ಷರ ಪೀಠದ ಮೇಲೆ ಹಾರಾಡುತ್ತಿದ್ದವು. ಅದರ ನಡುವೆಯೇ ಮುಖ್ಯಮಂತ್ರಿ, ಸಚಿವರು, ಶಾಸಕರ ಸಂಬಳ ಹೆಚ್ಚಿಸುವ ವಿಧೇಯಕಗಳು ಚರ್ಚೆಯಿಲ್ಲದೆ ಪಾಸಾದವು. ಶಾಸಕರ ಮೂಲ ವೇತನ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಆ ಒಂದು ವಿಷಯಕ್ಕೆ ಯಾವ ಕಡೆಯಿಂದಲೂ ಯಾರೂ ಗಂಟಲು ಹರಿದುಕೊಂಡಂತೆ ಕಾಣಲಿಲ್ಲ.

ಚರ್ಚೆ ಇಲ್ಲದೆ ಬಂದ ಕಾನೂನಿಗೂ ಚರ್ಚೆಯಾಗಿ ಬಂದ ಕಾನೂನಿಗೂ ಬಲದಲ್ಲಿ ವ್ಯತ್ಯಾಸವಿಲ್ಲ. ಕಳೆದುಹೋಗುವುದು ತಿದ್ದುವ ಅವಕಾಶ. ಖಂಡವಾರು ಓದಿದ್ದರೆ ಸಿಗುತ್ತಿದ್ದ ತಪ್ಪು ಮುಂದಿನ ಅಧಿವೇಶನದಲ್ಲಿ ತಿದ್ದುಪಡಿ ವಿಧೇಯಕವಾಗಿ ಮತ್ತೆ ಬರುತ್ತದೆ.

ಕೊನೆಯ ದಿನದೊಳಗೆ ಅಂಗೀಕಾರವಾಗದ ವಿಧೇಯಕ ಸತ್ತುಹೋಗುತ್ತದೆಯೇ?

ಇಲ್ಲ. ಅಧಿವೇಶನ ಸಮಾಪ್ತಿಯಾದ ಮಾತ್ರಕ್ಕೆ ಬಾಕಿ ವಿಧೇಯಕ ಬಿದ್ದುಹೋಗುವುದಿಲ್ಲ, 196ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳಿದೆ. ವಿಧಾನಸಭೆಯೇ ವಿಸರ್ಜನೆಯಾದರೆ ಅಲ್ಲಿ ಬಾಕಿ ಇದ್ದವು, ಅಲ್ಲಿ ಪಾಸಾಗಿ ಪರಿಷತ್ತಿನಲ್ಲಿ ಬಾಕಿ ಇದ್ದವು ಬಿದ್ದುಹೋಗುತ್ತವೆ.

ಇದಕ್ಕೆ ಬೆಳಗಾವಿಯದೇ ಉದಾಹರಣೆ ಇದೆ. ಮತಾಂತರ ನಿಷೇಧ ಎಂದು ಜನ ಕರೆದ ವಿಧೇಯಕ 2021ರ ಡಿಸೆಂಬರ್ 23ರಂದು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಮಾರನೆಯ ದಿನ ಅಧಿವೇಶನ ಮುಗಿಯಬೇಕು. ಪರಿಷತ್ತಿನಲ್ಲಿ ಆಗಿನ ಆಡಳಿತ ಪಕ್ಷಕ್ಕೆ ಸಂಖ್ಯೆ ಸಾಲದು, ಹಾಗಾಗಿ ಅಲ್ಲಿ ಮಂಡಿಸಲೇ ಇಲ್ಲ. 2022ರ ಮೇ ತಿಂಗಳಲ್ಲಿ ಅದೇ ವಿಷಯ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಪರಿಷತ್ತೂ ಒಪ್ಪಿತು. ಆ ಕಾನೂನು ಬೇಕೇ ಬೇಡವೇ ಎಂಬ ಜಗಳ ಇಲ್ಲಿ ಬೇಡ. ಕೊನೆಯ ಒಂದು ದಿನದಲ್ಲಿ ಒಂದು ಸದನದ ತಲೆ ಎಣಿಕೆ ಒಂದು ಕಾನೂನನ್ನು ಒಂಬತ್ತು ತಿಂಗಳು ಸುತ್ತು ಹಾಕಿಸಿತು ಎಂಬುದನ್ನಷ್ಟೇ ನೋಡಿ. ಸುಗ್ರೀವಾಜ್ಞೆಗೂ ಆಯುಷ್ಯ ಕಡಿಮೆ: ಸದನ ಮತ್ತೆ ಸೇರಿದ ಆರು ವಾರದೊಳಗೆ ಅದು ಕಾನೂನಾಗಬೇಕು.

ಎರಡೂ ಸದನ ದಾಟಿದರೂ ರಾಜ್ಯಪಾಲರ ಅಂಕಿತ ಬೇಕು. ಅವರು ಸಹಿ ಹಾಕಬಹುದು, ಹಣಕಾಸು ವಿಧೇಯಕವಲ್ಲದಿದ್ದರೆ ಹಿಂದಿರುಗಿಸಬಹುದು, ರಾಷ್ಟ್ರಪತಿಗೆ ಕಳುಹಿಸಬಹುದು. ಇಷ್ಟೇ ದಿನದಲ್ಲಿ ಸಹಿ ಹಾಕಿ ಎಂದು ನ್ಯಾಯಾಲಯ ಗಡುವು ಹೇರಲಾಗದು ಎಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಅಭಿಪ್ರಾಯ ಕೊಟ್ಟಿದೆ.

ಬಜೆಟ್ ಅಧಿವೇಶನದ ಕೊನೆ ಬೇರೆ ಥರವೇ?

ಬೇರೆಯೇ. ಅಲ್ಲಿ ಹಿಂದೆ ಮಾರ್ಚ್ 31 ನಿಂತಿರುತ್ತದೆ. ಅಷ್ಟರೊಳಗೆ ಧನವಿನಿಯೋಗ ವಿಧೇಯಕ ಅಥವಾ ಕೆಲವು ತಿಂಗಳ ಖರ್ಚಿಗೆ ಲೇಖಾನುದಾನ ಆಗದಿದ್ದರೆ ಏಪ್ರಿಲ್ 1ರಂದು ಖಜಾನೆಯಿಂದ ಪೈಸೆ ತೆಗೆಯುವಂತಿಲ್ಲ. ಹಾಗಾಗಿ ಇಲಾಖಾವಾರು ಬೇಡಿಕೆಗಳಲ್ಲಿ ಎರಡು ಮೂರರ ಮೇಲೆ ಚರ್ಚೆಯಾಗಿ, ಉಳಿದವನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ. ಡಿಸೆಂಬರಿನಲ್ಲಿ ಬರುವುದು ಪೂರಕ ಅಂದಾಜು, ಅಂದರೆ ಬಜೆಟ್ಟಿನ ಮೇಲಿನ ಹೆಚ್ಚುವರಿ ಖರ್ಚು. ಆ ಪುಸ್ತಕವನ್ನು ಪೂರ್ತಿ ತಿರುವಿ ಹಾಕುವ ಶಾಸಕರು ಕೆಲವರೇ. ನಿಮ್ಮ ಊರಿನ ಯೋಜನೆಯ ಹೆಸರು ಅದರಲ್ಲಿದೆಯೇ ಎಂದು ನೋಡಲು ಅವರಿಗೊಮ್ಮೆ ಹೇಳಿ.

ಬೆಳಗಾವಿಯಲ್ಲಿ ಉತ್ತರ ಕರ್ನಾಟಕದ ಚರ್ಚೆ ಕೊನೆಗೇ ಏಕೆ ಬರುತ್ತದೆ?

ಇದನ್ನು ಕೇಳಿದಾಗ ನನಗೆ ಈಗಲೂ ಮೈ ಉರಿಯುತ್ತದೆ. 2006ರಲ್ಲಿ ಕೆಎಲ್‌ಇ ಸಂಸ್ಥೆಯ ಆವರಣದಲ್ಲಿ ಮೊದಲ ಸಲ ಇಲ್ಲಿ ಅಧಿವೇಶನ ನಡೆಯಿತು. ಹಲಗಾದ ಬಳಿ ಸುವರ್ಣ ವಿಧಾನಸೌಧ ಕಟ್ಟಿ, 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದರು. ಈ ಭಾಗದ ಮಾತು ಆಡುವುದಕ್ಕೆಂದೇ ಕಟ್ಟಿದ ಮನೆ. ಆದರೆ ಮೊದಲ ವಾರ ಬೆಂಗಳೂರಿನಿಂದ ಹೊತ್ತು ತಂದ ಜಗಳಕ್ಕೆ ಹೋಗುತ್ತದೆ. ಎರಡನೆಯ ವಾರದ ಮಧ್ಯದಲ್ಲಿ, ‘ಇನ್ನೂ ಉತ್ತರ ಕರ್ನಾಟಕದ ಚರ್ಚೆಯಾಗಿಲ್ಲ’ ಎಂದು ಪತ್ರಿಕೆಗಳು ಬರೆದ ಮೇಲೆ ಎರಡೂ ಕಡೆಯವರಿಗೆ ಜ್ಞಾನೋದಯ. ಆಗ ರಾತ್ರಿಯವರೆಗೆ ಕಲಾಪ. ಕೃಷ್ಣಾ ಮೇಲ್ದಂಡೆ, ಮಹದಾಯಿ, ಕಬ್ಬಿನ ಬಾಕಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಯ ನೇಮಕಾತಿ ಎಲ್ಲವನ್ನೂ ಒಬ್ಬೊಬ್ಬರು ಐದೈದು ನಿಮಿಷದಲ್ಲಿ ಮುಗಿಸಬೇಕು. ಸಚಿವರ ಉತ್ತರ ಕೊನೆಯ ದಿನ, ಅಷ್ಟರಲ್ಲಿ ಅರ್ಧ ಸದನ ಗಾಡಿ ಹತ್ತಿರುತ್ತದೆ.

ಹೊರಗೆ ಸುವರ್ಣ ಗಾರ್ಡನ್ ಬಳಿ ಟೆಂಟುಗಳಲ್ಲಿ ರೈತರು, ಅತಿಥಿ ಶಿಕ್ಷಕರು, ಅಂಗನವಾಡಿಯವರು ಡಿಸೆಂಬರಿನ ಚಳಿಯಲ್ಲಿ ಕುಳಿತಿರುತ್ತಾರೆ. ಯಾವ ಸಚಿವರು ಯಾವ ಟೆಂಟಿಗೆ ಬಂದು ಮನವಿ ಪತ್ರ ತೆಗೆದುಕೊಂಡರು ಎಂಬ ಲೆಕ್ಕ ಅವರ ಬಳಿ ಪಕ್ಕಾ ಇರುತ್ತದೆ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯನ್ನು ಕೊನೆಯ ದಿನವೇ ಏಕೆ ಮಂಡಿಸುತ್ತಾರೆ?

ಆ ಅಧಿವೇಶನದಲ್ಲಿ ಯಾರೂ ಓದಿ ಪ್ರಶ್ನೆ ಕೇಳದಿರಲಿ ಎಂದು. ಬೇರೆ ಕಾರಣ ನನಗೆ ಹೊಳೆದಿಲ್ಲ. ಈ ವಿಷಯದಲ್ಲಿ ಎಲ್ಲ ಸರ್ಕಾರಗಳೂ ಒಂದೇ ಗುರುಕುಲದಲ್ಲಿ ಓದಿದಂತಿವೆ. ವರದಿ ಆಮೇಲೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಮಂಡನೆಯಾದ ದಿನವೇ ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಓದಬಹುದು.

ಶಾಸಕರನ್ನು ಅಮಾನತು ಮಾಡಿದರೆ ಕ್ಷೇತ್ರದ ಕೆಲಸ ನಿಲ್ಲುತ್ತದೆಯೇ?

2023ರ ಜುಲೈ 19ರಂದು ಹತ್ತು ಬಿಜೆಪಿ ಶಾಸಕರನ್ನು ಅಧಿವೇಶನ ಮುಗಿಯುವವರೆಗೆ ಅಮಾನತು ಮಾಡಿದರು. ಉಳಿದಿದ್ದದ್ದೇ ಎರಡು ದಿನ, ಹೆಚ್ಚು ನಷ್ಟವಾಗಲಿಲ್ಲ. ಮೇಲೆ ಹೇಳಿದ 2025ರ ಮಾರ್ಚ್ 21ರ ಗಲಾಟೆಯಲ್ಲಿ 18 ಮಂದಿಗೆ ಆರು ತಿಂಗಳ ಅಮಾನತು ಬಿತ್ತು, ಮೇ ತಿಂಗಳಲ್ಲಿ ರದ್ದಾಯಿತು. ಆರು ತಿಂಗಳ ಅಮಾನತು ಬೇರೆ ತೂಕದ್ದು: ಸದನ, ಮೊಗಸಾಲೆ ಮಾತ್ರವಲ್ಲ, ಸಮಿತಿ ಸಭೆಗಳೂ ಇಲ್ಲ. ಸಂಬಳದ ಚಿಂತೆ ಶಾಸಕರದು. ಕ್ಷೇತ್ರದವರ ಚಿಂತೆ ಏನೆಂದರೆ, ಸಮಿತಿಯಲ್ಲಿ ಕುಳಿತು ಅಧಿಕಾರಿಯನ್ನು ಪ್ರಶ್ನಿಸುವ ಅವರ ಬಾಯಿ ಅಷ್ಟು ಕಾಲ ಕಟ್ಟಿಹೋಗುತ್ತದೆ.

ವರ್ಷಕ್ಕೆ ಇಷ್ಟೇ ದಿನವೇ? ಜಾಸ್ತಿ ನಡೆಸಬಾರದೇ?

ನಡೆಸಬೇಕು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಎಂದು 2005ರಲ್ಲಿ ಇದೇ ವಿಧಾನಮಂಡಲ ಕಾನೂನು ಮಾಡಿಕೊಂಡಿದೆ. ಆ ಸಂಖ್ಯೆ ಮುಟ್ಟಿದ ವರ್ಷಗಳು ವಿರಳ. ತಾವೇ ಮಾಡಿದ ಕಾನೂನನ್ನು ತಾವೇ ಮುರಿದರೆ ಯಾರು ದಂಡ ಹಾಕುತ್ತಾರೆ ಎಂದು ನನ್ನನ್ನು ಕೇಳಬೇಡಿ.

ನನ್ನ ಅರ್ಜಿಯನ್ನು ಕೊನೆಯ ವಾರದಲ್ಲಿ ಕೊಟ್ಟರೆ ಉಪಯೋಗವಿದೆಯೇ?

ಪ್ರಶ್ನೆ ಕೇಳಿಸಲು ತಡವಾಯಿತು. ಪ್ರಶ್ನೆಗಳನ್ನು ಅಧಿವೇಶನಕ್ಕೆ ಮುಂಚೆಯೇ ಕಳುಹಿಸಬೇಕಾಗುತ್ತದೆ. ಆದರೆ ಸಚಿವರ ಕೈಗೆ ಪತ್ರ ಕೊಡಿಸಲು ಇದೇ ಒಳ್ಳೆಯ ಹೊತ್ತು. ಪತ್ರ ಒಂದೇ ಪುಟ ಇರಲಿ. ಒಂದೇ ವಿಷಯ ಇರಲಿ. ರಸ್ತೆ, ನೀರು, ಮಗನ ವರ್ಗಾವಣೆ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಮೂರು ಇಲಾಖೆಯವರೂ ಇದು ನಮ್ಮದಲ್ಲ ಎನ್ನುತ್ತಾರೆ. ಹಿಂದೆ ಕೊಟ್ಟ ಅರ್ಜಿಯ ದಿನಾಂಕ, ಸಂಖ್ಯೆ ಇದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ. ‘ತಮ್ಮ ಪಾದಾರವಿಂದಗಳಿಗೆ’ ಎಂದು ಅರ್ಧ ಪುಟ ಹೊಗಳಿದ ಅರ್ಜಿಗಳನ್ನು ನಾನು ಕಾರಿನಲ್ಲಿ ಕುಳಿತು ಬಿಳಿ ಹಾಳೆಯ ಮೇಲೆ ಮತ್ತೆ ಬರೆದಿದ್ದೇನೆ.

ಬಸ್ ತಂಗುದಾಣ, ಶಾಲೆಯ ಕಾಂಪೌಂಡಿನಂಥ ಸಣ್ಣ ಕೆಲಸಕ್ಕೆ ಸಚಿವರೇ ಬೇಡ. ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇದೆ, ಅದನ್ನು ಊರಿಗೆ ಬಂದ ಮೇಲೆ ಕೇಳಿ.

ವಿಧಾನ ಪರಿಷತ್ತಿನಲ್ಲಿ ಕೊನೆಯ ವಾರ ಏನಾಗುತ್ತದೆ?

75 ಸದಸ್ಯರ ಸದನ, ಕೆಳಮನೆಯಿಂದ ವಿಧೇಯಕ ಬರುವುದನ್ನೇ ಕಾಯುತ್ತಿರುತ್ತದೆ. ಬರುವುದು ಕೊನೆಯ ಎರಡು ದಿನ, ಎಲ್ಲವೂ ಒಟ್ಟಿಗೆ. ಪರಿಷತ್ತು ಒಪ್ಪದಿದ್ದರೂ ಸಾಮಾನ್ಯ ವಿಧೇಯಕವನ್ನು ಮೊದಲು ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಯಬಹುದಷ್ಟೇ. ಹಣಕಾಸು ವಿಧೇಯಕವನ್ನಾದರೆ 14 ದಿನ.

ಅಧಿವೇಶನ ಮುಗಿದ ಮೇಲೆ?

ಶುಕ್ರವಾರ ಸಂಜೆ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಬಿಳಿ ಕಾರುಗಳ ಸಾಲು. ಡಿಕ್ಕಿಯಲ್ಲಿ ಬೆಳಗಾವಿ ಕುಂದಾ, ಗೋಕಾಕದ ಕರದಂಟು. ನನ್ನ ಮಡಿಲಲ್ಲಿ ಆ ನೀಲಿ ಫೋಲ್ಡರ್. ಸೋಮವಾರ ಬೆಳಿಗ್ಗೆ ಅದನ್ನು ಬಿಚ್ಚಿ ಪತ್ರಗಳನ್ನು ಮೂರು ಗುಂಪು ಮಾಡುತ್ತಿದ್ದೆ: ಸಚಿವರ ಸಹಿ ಬಿದ್ದವು, ಬೀಳದವು, ‘ಆಮೇಲೆ ನೋಡೋಣ’ ಎಂದವು. ಮೊದಲ ಗುಂಪಿನ ಜೆರಾಕ್ಸ್ ತೆಗೆದು ಇಲಾಖೆಗೆ ಮುದ್ದಾಂ ತಲುಪಿಸಿ ಸ್ವೀಕೃತಿ ಹಾಕಿಸಿಕೊಳ್ಳುವುದು, ಬಾರದ ಲಿಖಿತ ಉತ್ತರಗಳಿಗೆ ವಿಧಾನಸಭೆ ಸಚಿವಾಲಯಕ್ಕೆ ನೆನಪೋಲೆ ಬರೆಯುವುದು, ಸಮಿತಿ ಸಭೆಗಳ ದಿನಾಂಕ ಡೈರಿಗೆ ಏರಿಸುವುದು. ಮೂರನೆಯ ಗುಂಪನ್ನು ರಬ್ಬರ್ ಬ್ಯಾಂಡ್ ಹಾಕಿ ಮತ್ತೆ ಅದೇ ಫೋಲ್ಡರಿಗೆ ಸೇರಿಸುತ್ತಿದ್ದೆ, ರಾಜ್ಯಪಾಲರ ಭಾಷಣದ ಅಧಿವೇಶನ ಜನವರಿಯಲ್ಲೋ ಫೆಬ್ರುವರಿಯಲ್ಲೋ ಎಂದು ಕ್ಯಾಲೆಂಡರ್ ನೋಡುತ್ತ.